ರ‍್ಯಾಂಪ್ ಕಟ್ಟುವ ಮೊದಲು ಬಳಸುವವರನ್ನು ಕರೆಯಿರಿ

ಎಲ್ಲರಿಗೂ ನಮಸ್ಕಾರ. ಊರಿನ ಗ್ರಂಥಾಲಯ, ಪಂಚಾಯಿತಿ ಕಚೇರಿ, ಪಾರ್ಕು, ಯಾವುದೇ ದುರಸ್ತಿಗೆ ಬರಲಿ, ಅಂದಾಜು ಪಟ್ಟಿ ತಯಾರಾಗುವ ಮುಂಚೆಯೇ ಎಲ್ಲರೂ ಸೇರಿ ಅಲ್ಲೊಂದು ಸುತ್ತು ಹಾಕಿ. ಗಾಲಿಕುರ್ಚಿ ಬಳಸುವವರು, ಕಣ್ಣು ಕಾಣದವರು, ಕೋಲೂರಿ ನಡೆಯುವ ಅಜ್ಜಿ, ಕಂಕುಳಲ್ಲಿ ಕೂಸಿರುವ ತಾಯಿ ಜೊತೆಗಿರಲಿ. ಎಂಜಿನಿಯರ್ ಬಂದರಂತೂ ಇನ್ನೂ ಒಳ್ಳೆಯದು. ಗೇಟಿನಿಂದ ಶೌಚಾಲಯದವರೆಗೆ ಬಳಸುವವರೇ ಮುಂದೆ ಹೋಗಲಿ, ಎಲ್ಲೆಲ್ಲಿ ತೊಡಕಾಯಿತೆಂದು ಉಳಿದವರು ಬರೆದುಕೊಳ್ಳಿ. ದನ ನುಗ್ಗಬಾರದೆಂದು ಹಾಕಿದ ತಿರುಗುಗೇಟು ಗಾಲಿಕುರ್ಚಿಯನ್ನೂ ತಡೆಯುತ್ತದೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಅಳತೆ ಟೇಪು ಮರೆಯಬೇಡಿ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಅಂದರೆ ಒಂದೂವರೆ ಅಡಿ ಎತ್ತರದ ಜಗಲಿಗೆ ಕನಿಷ್ಠ 18 ಅಡಿ ಉದ್ದ ಬೇಕು. ಜಾಗ ಸಾಲದೆಂದು ಆರೇಳು ಅಡಿಯಲ್ಲೇ ಮುಗಿಸಿದ ರ‍್ಯಾಂಪುಗಳನ್ನು ನಾವೆಲ್ಲ ನೋಡಿದ್ದೇವೆ. ಹಿಂದಿನಿಂದ ಇಬ್ಬರು ತಳ್ಳದೆ ಯಾರೂ ಹತ್ತಲಾಗದು, ಇಳಿಯುವುದಂತೂ ಅಪಾಯ. ಜಾಗವಿಲ್ಲದಿದ್ದರೆ ನಡುವೆ ಸಮತಟ್ಟು ಕೊಟ್ಟು ತಿರುವು ಹಾಕಿಸಿ, ಎರಡೂ ಬದಿ ಹಿಡಿಕಂಬಿ ಕೇಳಿ. ಶೌಚಾಲಯದ ಬಾಗಿಲು ಸುಮಾರು ಮೂರಡಿ ಅಗಲವಿದ್ದು, ಹೊರಕ್ಕೆ ತೆರೆಯುವಂತಿರಲಿ.

ಇದು ಯಾರ ದಯೆಯೂ ಅಲ್ಲ. ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೇ ಹೇಳುತ್ತದೆ. ಬರೆದುಕೊಂಡ ಪಟ್ಟಿಯನ್ನು ಫೋಟೊ ಸಮೇತ ಗ್ರಾಮಸಭೆಯಲ್ಲಿ ಇಟ್ಟು ನಡಾವಳಿಗೆ ಸೇರಿಸಿ. ಪಟ್ಟಿಯ ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ತಂಡ ಮತ್ತೆ ಹೋಗಿ ಬಳಸಿ ನೋಡಲಿ.