ಕಿಂಗ್‌ಫಿಶ್ ಅಂದರೆ ಎಲ್ಲ ಕಡೆಯೂ ಅಂಜಲ್ ಅಲ್ಲ

ಆಸ್ಟ್ರೇಲಿಯಾದಲ್ಲಿ ಅಂಜಲ್ ಮೀನು ಬೇಕಿದ್ದರೆ ‘ಕಿಂಗ್‌ಫಿಶ್’ ಕೇಳಬೇಡಿ, ‘ಸ್ಪ್ಯಾನಿಷ್ ಮ್ಯಾಕೆರೆಲ್’ ಕೇಳಿ. ಮಂಗಳೂರಿನಲ್ಲೂ ದುಬೈಯಲ್ಲೂ ಕಿಂಗ್‌ಫಿಶ್ ಅಂದರೆ ಅಂಜಲ್ಲೇ. ಆಸ್ಟ್ರೇಲಿಯಾದಲ್ಲಿ ಆ ಹೆಸರಿಗೆ ಕೊಡುವುದು ಹಳದಿ ಬಾಲದ ಬೇರೆಯೇ ಮೀನು (ವೈಜ್ಞಾನಿಕ ಹೆಸರು ಸೆರಿಯೋಲಾ ಲಲಾಂಡಿ). ಅದರಲ್ಲಿ ಕೊಬ್ಬು ಜಾಸ್ತಿ, ತವಾ ಫ್ರೈ ಮಾಡಿದರೆ ಅಂಜಲಿನ ರುಚಿ ಬರುವುದಿಲ್ಲ. ಮ್ಯಾಕೆರೆಲ್ ಅಂದಾಕ್ಷಣ ಬಂಗುಡೆ ಕೊಡುತ್ತಾರೇನೋ ಎಂಬ ಭಯ ಬೇಡ. ಅಂಜಲ್, ಬಂಗುಡೆ ಎರಡೂ ಒಂದೇ ಕುಟುಂಬದವು, ಅದಕ್ಕೇ ಎರಡಕ್ಕೂ ಮ್ಯಾಕೆರೆಲ್ ಎಂಬ ಹೆಸರು. ಪ್ಯಾಕೆಟ್ ಮೇಲೆ ಅಂಜಲಿನ ವೈಜ್ಞಾನಿಕ ಹೆಸರು ‘ಸ್ಕಾಂಬೆರೊಮೊರಸ್ ಕಾಮರ್ಸನ್’ ಎಂದಿದ್ದರೆ ಯೋಚಿಸದೆ ಕೊಂಡುಕೊಳ್ಳಿ. ಇಡೀ ಮೀನಾದರೆ ಬೆಳ್ಳಿ ಮೈಯಲ್ಲಿ ಬೆನ್ನಿನಿಂದ ಹೊಟ್ಟೆಯ ಕಡೆಗೆ ಇಳಿಯುವ ಅಲೆಯಂಥ ಬೂದು ಪಟ್ಟೆಗಳನ್ನು ನೋಡಿ. ಚರ್ಮ ಸುಲಿದ ತುಂಡಿನಲ್ಲಿ ಈ ಗುರುತು ಸಿಗದು; ಜಾತಿಯ ಹೆಸರೂ ಬರೆದಿರದಿದ್ದರೆ ಬಿಟ್ಟುಬಿಡುವುದೇ ವಾಸಿ. ಅಮೆರಿಕದಲ್ಲಿ ಮಾತ್ರ ಈ ಉಪಾಯ ನಡೆಯದು: ಅಲ್ಲಿ ಸ್ಪ್ಯಾನಿಷ್ ಮ್ಯಾಕೆರೆಲ್ ಅನ್ನುವುದು ಇನ್ನೊಂದು ಚಿಕ್ಕ ಜಾತಿಗೆ. ದೊಡ್ಡ ತುಂಡು ಬೇಕೆಂದರೆ ಸಿಗುವುದು ಕಿಂಗ್ ಮ್ಯಾಕೆರೆಲ್, ಅಂಜಲಿನ ಹತ್ತಿರದ ನೆಂಟ. ಆದರೆ ಅದರಲ್ಲಿ ಪಾದರಸ ಹೆಚ್ಚು, ಗರ್ಭಿಣಿಯರು, ಎದೆಹಾಲು ಕುಡಿಸುವವರು ಮತ್ತು ಮಕ್ಕಳು ತಿನ್ನಬಾರದು ಎಂದು ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ.