ಹೋಂ ಥಿಯೇಟರ್ ಮನೆಗೆ ಬಂತು. ಸ್ವಿಚ್ ಹಾಕುವ ಮೊದಲು ಇಷ್ಟು ಮಾಡಿ

ಕಳೆದ ದೀಪಾವಳಿಗೆ ನನ್ನ ಭಾವಮೈದ ಹೊಸ ಎವಿ ರಿಸೀವರ್ (ಟಿವಿ, ಪ್ಲೇಯರ್ ಧ್ವನಿಯನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ) ತಂದ. ಜೊತೆಗೆ ಎದೆಮಟ್ಟದ ಎರಡು ಟವರ್ ಸ್ಪೀಕರ್, ಬೇಸ್ (ತಗ್ಗು ದನಿ) ಕೊಡುವ ಒಂದು ಸಬ್‌ವೂಫರ್. ಸಂಜೆ ಆರಕ್ಕೆ ಪೆಟ್ಟಿಗೆ ಬಿಚ್ಚಿದವನು ಏಳಕ್ಕೆ ಫೋನ್ ಮಾಡಿದ: "ಭಾವ, ಆನ್ ಆಗುತ್ತೆ, ಟಕ್ ಅಂತ ಆಫ್ ಆಗುತ್ತೆ." ಹೋಗಿ ಟಾರ್ಚ್ ಬಿಟ್ಟು ನೋಡಿದೆ. ಹಿಂದುಗಡೆ ಕೂದಲಿನಂಥ ಒಂದೇ ಒಂದು ತಾಮ್ರದ ಎಳೆ ಕೆಂಪು ಟರ್ಮಿನಲ್‌ನಿಂದ (ವೈರ್ ಸಿಕ್ಕಿಸುವ ತಿರುಪಿನಿಂದ) ಹೊರಗೆ ಬಂದು ಕಪ್ಪಿಗೆ ತಾಗಿಕೊಂಡಿತ್ತು. ಶಾರ್ಟ್ ಅನ್ನುವುದು ಇದಕ್ಕೇ. ಪ್ರೊಟೆಕ್ಷನ್ ಸರ್ಕ್ಯೂಟ್ ಇದ್ದದ್ದಕ್ಕೆ ರಿಸೀವರ್ ಉಳಿಯಿತು. ಆ ಸೌಲಭ್ಯವಿಲ್ಲದ ಹಳೇ ಆಂಪ್ಲಿಫೈಯರ್ ಆಗಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಸುಟ್ಟ ವಾಸನೆ ಬರುತ್ತಿತ್ತು.

ಇಂಥ ಮೂರ್ನಾಲ್ಕು ಮನೆ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

1. ಎತ್ತುವುದು

ರಿಸೀವರ್ ಸುಮಾರು 10 ಕೆ.ಜಿ. ಇರುತ್ತದೆ. ಟವರ್ ಸ್ಪೀಕರ್ ಒಂದೊಂದೂ 15ರಿಂದ 25 ಕೆ.ಜಿ. ರಿಸೀವರ್ ತೂಕ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಕಡೆಗೆ ವಾಲುತ್ತದೆ. ಮೊದಲು ಸ್ವಲ್ಪ ಅಲ್ಲಾಡಿಸಿ ಯಾವ ಕಡೆ ಭಾರ ಅಂತ ನೋಡಿಕೊಳ್ಳಿ, ಆ ಕಡೆ ಎದೆಗೆ ಬರುವಂತೆ ಹಿಡಿಯಿರಿ. ಸೊಂಟ ಬಗ್ಗಿಸಬೇಡಿ. ಮಂಡಿ ಮಡಚಿ ಕೂತು ಎದ್ದೇಳಿ.

ಟವರನ್ನು ಪೆಟ್ಟಿಗೆಯಿಂದ ಮೇಲಕ್ಕೆ ಎಳೆಯುವ ಸಾಹಸ ಬೇಡ. ಪೆಟ್ಟಿಗೆಯ ಬಾಯಿ ತೆರೆದು, ಮುಚ್ಚಳ ಹೊರಕ್ಕೆ ಮಡಚಿ, ಇಬ್ಬರು ಸೇರಿ ಬೋರಲು ಹಾಕಿ. ಆಮೇಲೆ ಖಾಲಿ ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿದರೆ ಮುಗೀತು. ಪೆಟ್ಟಿಗೆ ಗುಜರಿಗೆ ಹಾಕಬೇಡಿ, ಸರ್ವಿಸ್‌ಗೆ ಕಳಿಸುವಾಗ ಬೇಕಾಗುತ್ತದೆ.

2. ಜಾಗ

ಗಾಜಿನ ಬಾಗಿಲಿನ ಶೋಕೇಸ್ ಒಳಗೆ ರಿಸೀವರ್ ಇಡಲೇಬಾರದು. ಮೇಲೆ ನಾಲ್ಕೈದು ಇಂಚು ಖಾಲಿ ಇರಲಿ. ಸೆಟ್‌-ಟಾಪ್ ಬಾಕ್ಸ್‌ಗೆ ಅದು ಪೀಠ ಅಲ್ಲ. ಇನ್ನೊಂದು ಮಾತು: ಬೆಚ್ಚಗಿನ ಜಾಗ ಅಂದರೆ ಹಲ್ಲಿಗಳಿಗೆ ಬಲು ಇಷ್ಟ. ಒಳಗೆ ನುಗ್ಗಿ ಸರ್ಕ್ಯೂಟ್ ಬೋರ್ಡ್ ಮೇಲೆ ಸತ್ತರೆ ಅದೂ ಶಾರ್ಟೇ. ತಿಂಗಳಿಗೊಮ್ಮೆ ಹಿಂದುಗಡೆ ಧೂಳು ಹೊಡೆಯಿರಿ.

ಟವರ್ ಕೆಳಗಿನ ಚೂಪು ಮೊಳೆ ಟೈಲ್ಸ್ ಮೇಲೆ ಗೀರು ಹಾಕುತ್ತದೆ. ಒಂದೊಂದರ ಕೆಳಗೂ ಒಂದು ರೂಪಾಯಿ ನಾಣ್ಯ ಇಟ್ಟರೆ ಸಾಕು. ಚಿಕ್ಕ ಮಕ್ಕಳಿದ್ದರೆ ಮೊಳೆ ಬೇಡ, ರಬ್ಬರ್ ಕಾಲೇ ಇರಲಿ, ಜೊತೆಗೆ ಗೋಡೆಗೆ ಒಂದು ಪಟ್ಟಿ ಕಟ್ಟಿ. ಕಾಲು ಇಲ್ಲದೆ ನೆಲಕ್ಕೇ ಕೂರಿಸಿದರೆ ದಿನಾ ನೆಲ ಒರೆಸುವ ನೀರು ಕುಡಿದು ಕೆಳಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಊದಿಕೊಳ್ಳುತ್ತದೆ.

3. ಸ್ಪೀಕರ್ ವೈರ್: ಎಲ್ಲರೂ ಎಡವುವುದು ಇಲ್ಲೇ

ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ.

ವೈರ್ ತಾಮ್ರದ್ದೇ ಆಗಬೇಕು. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಪಾರದರ್ಶಕ ವೈರ್ ಎಷ್ಟೋ ಸಲ ತಾಮ್ರದ ಲೇಪ ಇರುವ ಅಲ್ಯೂಮಿನಿಯಂ. ನನಗೂ ಒಬ್ಬರು "ಪ್ಯೂರ್ ಕಾಪರ್ ಸಾರ್" ಅಂತ ಅದನ್ನೇ ಕಟ್ಟಿಕೊಟ್ಟಿದ್ದರು. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ಹಾಲ್ ಅಳತೆಗೆ 1.5 ಸ್ಕ್ವೇರ್ ಎಂಎಂ ಸಾಕು. ದೂರ ಜಾಸ್ತಿ ಇದ್ದರೆ, ಇಲ್ಲವೇ ಸ್ಪೀಕರ್ 4 ಓಮ್‌ನದ್ದಾದರೆ (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ) 2.5 ತನ್ನಿ. ಮೀಟರಿಗೆ ಸಾವಿರಾರು ರೂಪಾಯಿಯ ವೈರ್ ದುಡ್ಡು ದಂಡ. ಆ ದುಡ್ಡಿಗೆ ಒಳ್ಳೇ ಕಾರ್ಪೆಟ್ ಹಾಸಿ, ಧ್ವನಿ ನಿಜವಾಗಿ ಸುಧಾರಿಸುತ್ತದೆ.

ತುದಿಯ ಪ್ಲಾಸ್ಟಿಕ್ ಒಂದು ಸೆಂಟಿಮೀಟರಿನಷ್ಟೇ ತೆಗೆಯಿರಿ. ಹಲ್ಲಿನಲ್ಲಿ ಕಚ್ಚಿ ಎಳೆಯುವವರನ್ನು ನೋಡಿದ್ದೇನೆ. ಅರ್ಧ ಎಳೆ ವೈರ್‌ನಿಂದ ಹೋಗುತ್ತದೆ, ಅರ್ಧ ಹಲ್ಲು ಬಾಯಿಂದ. ವೈರ್ ಸ್ಟ್ರಿಪ್ಪರ್ ದುಬಾರಿ ಸಾಮಾನೇನಲ್ಲ, ಒಂದು ತನ್ನಿ. ಎಳೆಗಳನ್ನೆಲ್ಲ ಬತ್ತಿ ಹೊಸೆದ ಹಾಗೆ ಬಿಗಿಯಾಗಿ ಹೊಸೆಯಿರಿ. ಒಂದೂ ಹೊರಗೆ ಉಳಿಯಬಾರದು. ಟರ್ಮಿನಲ್ ತಿರುವಿ ಸಡಿಲ ಮಾಡಿ, ತೂತಿನೊಳಗೆ ತೂರಿಸಿ, ಬೆರಳಿನಿಂದ ಬಿಗಿ ಮಾಡಿ. ಪ್ಲೈಯರ್ ಬೇಡ, ಪ್ಲಾಸ್ಟಿಕ್ ಒಡೆಯುತ್ತದೆ. ಮೆಲ್ಲಗೆ ಎಳೆದು ನೋಡಿ. ಹೊರಗೆ ತಾಮ್ರ ಕಾಣುತ್ತಿದ್ದರೆ ಬಿಚ್ಚಿ, ಮತ್ತೆ ಮಾಡಿ. ಬೇಜಾರಾದರೂ ಮಾಡಿ. ವೈರ್ ತುದಿಗೆ ಬನಾನಾ ಪ್ಲಗ್ (ಟರ್ಮಿನಲ್ ತೂತಿಗೆ ನೇರ ಚುಚ್ಚುವ ಲೋಹದ ಪಿನ್) ಹಾಕಿದರೆ ಈ ಕಾಟ ಕಡಿಮೆ. ಆದರೆ ಅದರೊಳಗಿನ ಸ್ಕ್ರೂ ಸಡಿಲ ಬಿಟ್ಟರೆ ಮತ್ತೆ ಅದೇ ಕಥೆ.

ಇನ್ನು ಕೆಂಪು, ಕಪ್ಪು. ಜೋಡಿ ವೈರ್‌ನಲ್ಲಿ ಒಂದರ ಮೇಲೆ ಗೆರೆಯೋ ಅಕ್ಷರವೋ ಇರುತ್ತದೆ. ನಾನು ಗೆರೆ ಇರುವುದನ್ನು ಯಾವಾಗಲೂ ಕೆಂಪಿಗೇ ಕೊಡುತ್ತೇನೆ. ನೀವು ಕಪ್ಪಿಗೆ ಕೊಟ್ಟರೂ ಪರವಾಗಿಲ್ಲ, ಎರಡೂ ತುದಿಯಲ್ಲಿ ಒಂದೇ ರೀತಿ ಇರಬೇಕು ಅಷ್ಟೇ. ಒಂದು ಸ್ಪೀಕರ್ ಉಲ್ಟಾ ಆದರೆ ಏನೂ ಸುಡುವುದಿಲ್ಲ. ಆದರೆ ಬೇಸ್ ಮಾಯ, ಹಾಡುವವರು ನಡುವೆ ನಿಲ್ಲುವ ಬದಲು ಎಲ್ಲೋ ಚೆದುರಿಹೋಗುತ್ತಾರೆ. ಸ್ಪೀಕರೇ ಸರಿ ಇಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋದವರಿದ್ದಾರೆ.

ಪರೀಕ್ಷೆ ಸುಲಭ. ರಿಸೀವರ್ ಕಡೆಯ ತುದಿ ಜೋಡಿಸುವ ಮೊದಲು, ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತೆಗೆದುಕೊಳ್ಳಿ. ಕೆಂಪಿನ ವೈರ್ ಪ್ಲಸ್‌ಗೆ, ಕಪ್ಪಿನದು ಮೈನಸ್‌ಗೆ, ಒಂದೇ ಕ್ಷಣ ತಾಗಿಸಿ. ವೂಫರ್ (ಸ್ಪೀಕರಿನ ದೊಡ್ಡ ಕೋನ್) ಮುಂದಕ್ಕೆ ಬಂದರೆ ಸರಿ, ಹಿಂದಕ್ಕೆ ಹೋದರೆ ಉಲ್ಟಾ. ಮಲ್ಟಿಮೀಟರ್ ಇದ್ದರೆ ಅದೇ ಎರಡು ತುದಿಯ ನಡುವೆ ಓಮ್ ನೋಡಿ. 8 ಓಮ್ ಸ್ಪೀಕರ್ ಐದರಿಂದ ಏಳು ತೋರಿಸುತ್ತದೆ. ಹೆಚ್ಚುಕಡಿಮೆ ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ, ಜೋಡಿಸಬೇಡಿ.

ಹಳೇ ಸ್ಪೀಕರ್ ಸುಮ್ನೆ ಯಾಕೆ ಬಿಡೋದು ಅಂತ ಒಂದೇ ಟರ್ಮಿನಲ್‌ಗೆ ಎರಡು ಜೋಡಿಸಬೇಡಿ. ಎರಡು 8 ಓಮ್ ಪಕ್ಕಪಕ್ಕ ಸೇರಿದರೆ 4 ಓಮ್ ಆಗುತ್ತದೆ, ಆ ಹೊರೆಯನ್ನು ಕೆಲವು ರಿಸೀವರ್ ತಡೆದುಕೊಳ್ಳುವುದಿಲ್ಲ.

4. ಉಳಿದ ಕೇಬಲ್

ರಿಸೀವರ್‌ನಿಂದ ಎಚ್‌ಡಿಎಂಐ ಕೇಬಲ್ ಟಿವಿಯ ಎಆರ್‌ಸಿ (ಟಿವಿಯ ಧ್ವನಿಯನ್ನು ರಿಸೀವರ್‌ಗೆ ವಾಪಸ್ ಕಳಿಸುವುದು) ಅಂತ ಬರೆದಿರುವ ಪೋರ್ಟ್‌ಗೆ, ಸಬ್‌ವೂಫರ್‌ಗೆ ಒಂದು ಆರ್‌ಸಿಎ ಕೇಬಲ್. ಇಷ್ಟೇ.

5. ಕರೆಂಟ್

ಮಗ ಅಮೆರಿಕದಿಂದ ತಂದ ರಿಸೀವರ್ ಆದರೆ ಮೊದಲು ಹಿಂದಿನ ಚೀಟಿ ಓದಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ನಮ್ಮ 230ಕ್ಕೆ ನೇರ ಹಾಕಿದ ಕೂಡಲೇ ಅದರ ಕಥೆ ಮುಗಿಯುತ್ತದೆ. ತಕ್ಕ ವ್ಯಾಟ್‌ನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೂ ಒಂದು ಭಾರ. ನನ್ನನ್ನು ಕೇಳಿದರೆ ಅಲ್ಲೇ ಮಾರಿ ಬನ್ನಿ ಅಂತೀನಿ.

ಗುಂಯ್ ಅನ್ನುವ ಸದ್ದು ಬಂದರೆ ಕೆಲವರು ಪ್ಲಗ್‌ನ ಮೂರನೇ ಪಿನ್ ಕಿತ್ತು ಬಿಡುತ್ತಾರೆ. ದಯವಿಟ್ಟು ಬೇಡ, ಅದು ಅರ್ಥಿಂಗ್, ಜೀವದ ಪ್ರಶ್ನೆ. ಸೆಟ್‌-ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿ ವೈರ್ ತೆಗೆದು ನೋಡಿ, ಸದ್ದು ನಿಂತರೆ ಕಳ್ಳ ಅದೇ. ಕರೆಂಟ್ ಹೋದಾಗ ಮಾತ್ರ ಸದ್ದು ಬಂದರೆ ನಿಮ್ಮದು ಸ್ಕ್ವೇರ್ ವೇವ್ (ನುಣುಪಲ್ಲದ ಕರೆಂಟ್ ಕೊಡುವ) ಯುಪಿಎಸ್ ಇರಬಹುದು. ಏಪ್ರಿಲ್-ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಪ್ಲಗ್, ಕೇಬಲ್ ಎರಡೂ ಕಿತ್ತಿಡಿ.

6. ಆನ್

ವಾಲ್ಯೂಮ್ ಪೂರ್ತಿ ಕೆಳಗಿರಲಿ. ಟಿವಿ, ಪ್ಲೇಯರ್ ಮೊದಲು ಹಾಕಿ, ರಿಸೀವರ್ ಕೊನೆಗೆ. ಆಫ್ ಮಾಡುವಾಗ ರಿಸೀವರ್ ಮೊದಲು. ಅರ್ಧ ಗಂಟೆ ಹಾಡು ಹಾಕಿ ಅದರ ನೆತ್ತಿಯ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಸುಡುತ್ತಿದ್ದರೆ ಜಾಗ ಬದಲಿಸಿ.

ಭಾವಮೈದನ ಮನೆಗೆ ಹೋದ ವಾರ ಹೋಗಿದ್ದೆ. ಸೆಟ್‌-ಟಾಪ್ ಬಾಕ್ಸ್ ಇನ್ನೂ ರಿಸೀವರ್ ಮೇಲೇ ಕೂತಿದೆ. ಅದರ ಮೇಲೆ ಒಂದು ಕ್ರೋಶಾ ಬಟ್ಟೆ ಬೇರೆ.