ಸೋರುವ ಛಾವಣಿಯ ಫೋಟೋ ಹಾಕಿದೆ, ದುಡ್ಡು ಬಂತು

ನಮ್ಮ ವಿಶ್ವವಿದ್ಯಾಲಯದ ಹಳೇ ಕಟ್ಟಡದ ದುರಸ್ತಿಗೆ ದೇಣಿಗೆ ಎತ್ತಬೇಕಿತ್ತು. ಸೋರುವ ಛಾವಣಿಯ ಫೋಟೋ ಹಾಕುತ್ತೇನೆ ಎಂದೆ. ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. "ಮಾನ ಹೋಗುತ್ತಪ್ಪಾ, ಬೇಡ" ಎಂದರು ಹಿರಿಯರೊಬ್ಬರು. ಕೊನೆಗೆ ಹಾಕಿಯೇ ಹಾಕಿದೆ. ಹತ್ತಿರ ಹತ್ತಿರ 31 ಲಕ್ಷ ಬಂತು.

ಅದಕ್ಕೂ ಮೊದಲು ಮಾಡಿದ್ದು ಪೂರ್ತಿ ದಂಡ. 24 ಪುಟದ ಪುಸ್ತಿಕೆ, ದಪ್ಪ ಆರ್ಟ್ ಪೇಪರ್, ಕುಲಪತಿಗಳ ಸಂದೇಶ, ಡ್ರೋನ್‌ನಲ್ಲಿ ತೆಗೆದ ಚಿತ್ರ. ಸಾವಿರ ಪ್ರತಿಗೆ 90 ಸಾವಿರ ದಾಟಿತು, ಅಂಚೆ ಖರ್ಚು ಬೇರೆ. ಬಂದದ್ದು 70 ಸಾವಿರ ಇರಬಹುದು. ಯಾಕೆ ಹೀಗಾಯಿತು ಎಂದು ಹದಿನೈದು ಇಪ್ಪತ್ತು ಜನರಿಗೆ ಫೋನ್ ಮಾಡಿದೆ. ನಿವೃತ್ತ ಮೇಡಂ ಒಬ್ಬರು ಕೇಳಿದರು, "ಕಟ್ಟಡ ಇಷ್ಟು ಚೆನ್ನಾಗಿದೆಯಲ್ಲ, ಇದಕ್ಕೆಂಥ ರಿಪೇರಿ?"

ಆ ಜುಲೈನಲ್ಲಿ ಮಳೆ ಜೋರಾಗಿದ್ದ ದಿನ ಏಣಿ ಹಾಕಿಸಿದೆ. ಡೆಸ್ಕಿನ ಮೇಲೆ ನೀಲಿ ಬಕೆಟ್, ಅದಕ್ಕೆ ತೊಟ್ಟಿಕ್ಕುವ ನೀರು. ಅದು ಮೊದಲ ಫೋಟೋ. ಎರಡನೆಯದು ಒಡೆದ ಹೆಂಚಿನ ಒಳಮೈ. ಪಾಚಿ ಒರೆಸಿದರೆ ಬಾಸೆಲ್ ಮಿಷನ್ ಅಕ್ಷರಗಳು! ಮಂಗಳೂರಿನಲ್ಲಿ ಆ ಕ್ರೈಸ್ತ ಮಿಷನರಿಗಳು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದವರು ಅಲ್ವಾ. ಆ ಒಂದು ಹೆಂಚು ಇಡೀ ಚರಿತ್ರೆಯ ಪುಟಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ಪುಸ್ತಿಕೆ ಬಿಟ್ಟು ಎ4 ಹಾಳೆ ಒಂದನ್ನೇ ಮಡಚಿದೆ. ಒಂದು ಹಾಳೆಯಲ್ಲಿ ಒಂದೇ ಬೇಡಿಕೆ. ಕಿಟಕಿಗೆ 22 ಸಾವಿರ, ಬಾಗಿಲಿಗೆ 40ರ ಆಸುಪಾಸು. ಹಳೇ ವಿದ್ಯಾರ್ಥಿಗಳ ಪ್ರತಿ ಬ್ಯಾಚಿಗೂ ಅವರದೇ ಗ್ರೂಪ್ ಫೋಟೋ ಹಾಕಿ 14 ಬಗೆ ಮಾಡಿದೆ. ಡಿಜಿಟಲ್ ಪ್ರಿಂಟ್, ಹಾಳೆಗೆ 12 ರೂಪಾಯಿ. ಯಾವ ಬ್ಯಾಚಿಗೆ ಮೊದಲು ಕಳಿಸಿದೆ, ಯಾವ ವಾರ ಕಳಿಸಿದೆ ಎನ್ನುವುದನ್ನು ಮಾತ್ರ ಹೇಳುವುದಿಲ್ಲ. ಅದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ಕಿಟಕಿಗಳು ಮೂರೇ ವಾರದಲ್ಲಿ ಮುಗಿದವು. ಗೋಡೆಗೆ ಯಾರೂ ಕೊಡಲಿಲ್ಲ. ಹಿಂದೆ ಯಾರೋ ಸುಣ್ಣದ ಗೋಡೆಗೆ ಸಿಮೆಂಟ್ ಬಳಿದಿದ್ದರು, ತೇವ ಒಳಗೇ ಕೂತು ಗಾರೆ ಉದುರುತ್ತಿತ್ತು. ಇದನ್ನು ಬರೆದು ಹೇಳಿದರೆ ಯಾರೂ ಓದುವುದಿಲ್ಲ. ಸುಮ್ನೆ ನೋಡೋಣ ಎಂದು ಮೇಸ್ತ್ರಿ ಗಾರೆ ಕಲಸುವುದನ್ನು 40 ಸೆಕೆಂಡ್ ವಿಡಿಯೋ ಮಾಡಿದೆ. ಸುಣ್ಣ, ಇಟ್ಟಿಗೆ ಪುಡಿ, ಅಳಲೆಕಾಯಿ ನೆನೆಸಿದ ಬೆಲ್ಲದ ನೀರು. ವಾಟ್ಸಾಪಿನಲ್ಲಿ ಹರಿದಾಡಿ ಗೋಡೆಗೇ ಆರು ಲಕ್ಷ ಬಂತು. ಹಳೇ ಹೆಂಚಿನ ತುಂಡನ್ನು ನೆನಪಿನ ಕಾಣಿಕೆಯಾಗಿ ಕಳಿಸಿಯೂ ನೋಡಿದೆ. ಅರ್ಧಕ್ಕರ್ಧ ದಾರಿಯಲ್ಲೇ ಪುಡಿಯಾದವು, ಕೈಬಿಟ್ಟೆ.

ಕ್ಯೂಆರ್ ಕೋಡ್ ಕೂಡ ಕೈಕೊಟ್ಟಿತ್ತು. ಸ್ಕ್ಯಾನ್ ಮಾಡಿದರೆ ಹಣಕಾಸು ಅಧಿಕಾರಿ ಎಂದು ಬರುತ್ತಿತ್ತು. ಮೋಸ ಇರಬೇಕೆಂದು ಜನ ಹಿಂದೆ ಸರಿದರು. ಪಕ್ಕದಲ್ಲೇ "ಈ ಹೆಸರು ಬರುತ್ತದೆ, ಅದು ನಮ್ಮದೇ ಖಾತೆ" ಎಂದು ಅಚ್ಚು ಹಾಕಿದ ಮೇಲೆ ಸರಿಹೋಯಿತು. ನಗದು 2000 ರೂಪಾಯಿ ದಾಟಿದರೆ ದೇಣಿಗೆಯ ಆದಾಯ ತೆರಿಗೆ ವಿನಾಯಿತಿ ಸಿಗದು ಎನ್ನುವುದನ್ನೂ ಅಲ್ಲೇ ಹಾಕಿ.

ಹೊರದೇಶದ ದುಡ್ಡಿನಲ್ಲಿ ದೊಡ್ಡ ಪೆಟ್ಟು ತಿಂದೆ. ಭಾರತದ ಪಾಸ್‌ಪೋರ್ಟ್ ಇರುವವರು ಸ್ವಂತ ದುಡ್ಡನ್ನು ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದವರದು, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾಯ್ದೆ ಎಫ್‌ಸಿಆರ್‌ಎ ಅಡಿ ಅನುಮತಿ ಇಲ್ಲದೆ ಮುಟ್ಟುವ ಹಾಗಿಲ್ಲ. ಮೂರು ಲಕ್ಷ ವಾಪಸ್ ಕಳಿಸಬೇಕಾಯಿತು. ಆ ದಿನ ಊಟ ಸೇರಲಿಲ್ಲ.

ಈಗ ಮಹಡಿಯ ಮರದ ಮೆಟ್ಟಿಲು ಬಾಕಿ ಇದೆ. ಮೂರನೇ ಮೆಟ್ಟಿಲು ತುಳಿದು ತುಳಿದು ನಡುವೆ ಬಟ್ಟಲಿನ ಹಾಗೆ ತಗ್ಗಾಗಿದೆ. ಬೆಳಗ್ಗೆ ಎಂಟರ ಬಿಸಿಲು ಓರೆಯಾಗಿ ಬೀಳುವಾಗ ಅದರ ಫೋಟೋ ತೆಗೆದಿಟ್ಟಿದ್ದೇನೆ.